ಚೀಟಿ ಇಲ್ಲದ ಫ್ಲಾಪಿ

ಕಾರ್ತಿಕದ ಎರಡನೆಯ ರವಿವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಸ್ಥಳ, ಮುದ್ದೇಬಿಹಾಳದ ನಮ್ಮ ಮನೆಯ ಪಡಸಾಲೆ. ಹಾಜರಿದ್ದವರು ಮೂವರು: ನಾನು, ನನ್ನ ಹೆಂಡತಿ ಜೈತುನ್‌ಬಿ, ಬಸವನ ಬಾಗೇವಾಡಿಯಿಂದ ಬಸ್ಸಿನಲ್ಲಿ ಬಂದ ಸುವರ್ಣಾ. ಯಾವ ಕೆಲಸವಾದರೂ ಹೀಗೆ ಬರೆದುಕೊಂಡೇ ಶುರು ಮಾಡುವುದು ನನ್ನ ರೂಢಿ. ಪೊಲೀಸ್ ಬ್ಯಾಂಡಿನಲ್ಲಿ ಒಂಬತ್ತು ವರ್ಷ ಕ್ಲಾರಿನೆಟ್ ಊದಿದೆ. ಅಲ್ಲಿಂದ ಹೊರಬಿದ್ದು ಇಪ್ಪತ್ತಾರು ವರ್ಷ ಒಂದು ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನೋಡಿಕೊಂಡೆ. ಕೆಲಸ ಬದಲಾಯಿತು, ರೂಢಿ ಬದಲಾಗಲಿಲ್ಲ.

ಸುವರ್ಣಾ ನಮ್ಮ ಆರ್ಕೆಸ್ಟ್ರಾದ ಹಾರ್ಮೋನಿಯಂ ಮಾಸ್ತರ ಚನ್ನಬಸಪ್ಪನವರ ಮಗಳು. ಎಂಟು ವರ್ಷ ನಮ್ಮಲ್ಲಿ ಹಾಡಿದವಳು. ಈಗ ಬಾಗೇವಾಡಿಯ ಒಂದು ಶಾಲೆಯಲ್ಲಿ ಸಂಗೀತ ಕಲಿಸುತ್ತಾಳೆ. ಮಾಸ್ತರರು ತೀರಿಕೊಂಡು ಈ ತಿಂಗಳಿಗೆ ಒಂದು ವರ್ಷ.

ಚಹಾದ ಬಟ್ಟಲು ಕೆಳಗಿಡುವ ಮೊದಲೇ ಅವಳು ಬಂದ ಕೆಲಸ ಹೇಳಿದಳು.

"ಕಾಕಾ, ನಂಗ ಅಪ್ಪನ ಕೈ ಬೇಕಾಗೇತಿ."

"ಯಾವ ಹಾಡವಾ?"

"ಆ ತತ್ವಪದ. ಅಪ್ಪನೇ ಧಾಟಿ ಕೂಡಿಸಿದ್ದು. ಬರೋ ಶುಕ್ರವಾರ ಸಿಂದಗಿಯೊಳಗ ಹಾಡಬೇಕು. ಎರಡನೇ ಸಾಲಿನಾಗ ಅಪ್ಪ ತಡೀತಿದ್ನಲ್ರಿ, ಅದು ಎಲ್ಲಿ ಎಷ್ಟು ಅಂತ ನಂಗ ಈಗ ಹಿಡಿತ ಸಿಗವಲ್ದು. ದಿನಾ ಹಾಡಾಕತ್ತೇನಿ, ದಿನಾ ಒಂದೊಂದು ನಮೂನಿ ಆಗಾಕತ್ತೇತಿ. ಇನ್ನೊಂದು ವರ್ಷ ಬಿಟ್ರ ಪೂರಾ ಹೊಕ್ಕೈತಿ."

ಮಾಸ್ತರರು ಆ ಪದ ನುಡಿಸುವಾಗ ಎರಡನೆಯ ಸಾಲಿನ ಕೊನೆಯ ಮಾತಿಗೆ ಮುಂಚೆ ಎಡಗೈಯಲ್ಲಿ ಸ್ವರ ಹಿಡಿದು ಬಲಗೈ ತಡೆಯುತ್ತಿದ್ದರು. ಅರ್ಧ ಮಾತ್ರೆಗಿಂತ ಹೆಚ್ಚು, ಒಂದಕ್ಕಿಂತ ಕಡಿಮೆ. ಮೂರು ನುಡಿಗೆ ಮೂರು ಬಗೆ. ಆ ತಡೆ ಮುಗಿದ ಮೇಲೆ ಹಾಡುವವಳು ಬರಬೇಕು. ಮೊಬೈಲ್‌ನಲ್ಲಿ ಧ್ವನಿ ಹಿಡಿಯುವ ಕಾಲ ಬರುವ ಹೊತ್ತಿಗೆ ಮಾಸ್ತರರಿಗೆ ಲಕವಾ ಹೊಡೆದು ಬಲಗೈ ಬಿದ್ದುಹೋಗಿತ್ತು. ಕಾರ್ಯಕ್ರಮಗಳ ಹಳೆಯ ಕ್ಯಾಸೆಟ್ಟುಗಳಲ್ಲಿ ಡೋಲಕ್ ಕೇಳುತ್ತದೆ, ಹಾಡು ಕೇಳುತ್ತದೆ, ಹಾರ್ಮೋನಿಯಂ ಕೇಳುವುದಿಲ್ಲ. ಅವರ ಕೈ ಉಳಿದಿದ್ದರೆ ನನ್ನ ಕೀಬೋರ್ಡ್ ಯಂತ್ರದ ಫ್ಲಾಪಿಯಲ್ಲಿ ಮಾತ್ರ ಉಳಿದಿರಬೇಕು ಎಂಬುದು ಅವಳ ಲೆಕ್ಕ. ಲೆಕ್ಕ ಸರಿ. ಆದರೆ ಅವಳಿಗೆ ಗೊತ್ತಿಲ್ಲದ ಒಂದು ಸಂಗತಿ ನನಗೆ ಗೊತ್ತಿತ್ತು. ಅದನ್ನು ಆಗಲೇ ಹೇಳಲಿಲ್ಲ.

"ಯಂತ್ರ ಬಿಸಿ ಆಗಲಿ, ಅರ್ಧಾ ತಾಸು ಬೇಕು," ಎಂದೆ.

ಆ ಅರ್ಧ ತಾಸಿನಲ್ಲಿ ನನ್ನ ತಲೆಯಲ್ಲಿ ಓಡಿದ್ದನ್ನು ಈಗ ಈ ಕೆಲಸಕ್ಕೆ ಬರುತ್ತಿರುವ ಹುಡುಗ ಹುಡುಗಿಯರಿಗಾಗಿ ಬರೆದಿಡುತ್ತೇನೆ. ನಿಮ್ಮ ಲ್ಯಾಪ್‌ಟಾಪು ಹಾಡನ್ನು ತಾನೇ ಉಳಿಸುತ್ತದೆ, ನಿನ್ನೆಯದು ಬೇಕೆಂದರೆ ನಿನ್ನೆಯದನ್ನು ಕೊಡುತ್ತದೆ. ನಮ್ಮ ಸೀಕ್ವೆನ್ಸರ್ ಹಾಗಿರಲಿಲ್ಲ. ಉದ್ದನೆಯ ಕೀಬೋರ್ಡು, ನಡುವೆ ಅಂಗೈಯಗಲದ ಪರದೆ, ಬದಿಯಲ್ಲಿ ಫ್ಲಾಪಿ ತೂರಿಸುವ ಸೀಳು. ಅದು ಧ್ವನಿಯನ್ನು ಹಿಡಿಯುತ್ತಿರಲಿಲ್ಲ. ಕೀಬೋರ್ಡಿನ ಯಾವ ಮನೆಯನ್ನು ಯಾವಾಗ ಒತ್ತಿದಿರಿ, ಎಷ್ಟು ಜೋರಾಗಿ, ಯಾವಾಗ ಬಿಟ್ಟಿರಿ ಎಂದು ಬೆರಳಿನ ನಡೆಯನ್ನು ಬರೆದುಕೊಳ್ಳುತ್ತಿತ್ತು. ಮತ್ತೆ ನುಡಿಸು ಎಂದರೆ ಆ ನಡೆಯಂತೆ ತಾನೇ ನುಡಿಸುತ್ತಿತ್ತು. ಆದರೆ ಬರೆದುಕೊಂಡದ್ದು ಕರೆಂಟು ಇರುವತನಕ ಮಾತ್ರ. ಆರಿಸಿದರೆ ಎಲ್ಲ ಅಳಿಸಿ ಹೋಯಿತು. ಬೇಕಾದರೆ ಮೊದಲೇ ಫ್ಲಾಪಿಗೆ ಸೇವ್ ಮಾಡಬೇಕು. ಫ್ಲಾಪಿಯಿಂದ ಇನ್ನೊಂದು ಹಾಡು ಲೋಡ್ ಮಾಡಿದರೆ ಒಳಗಿದ್ದದ್ದು ಕೇಳದೆ ಹೇಳದೆ ಹೋಗುತ್ತಿತ್ತು. ಲೋಡ್ ಎಂದರೆ ಒಂದು ಬರುವುದು, ಇನ್ನೊಂದು ಹೋಗುವುದು. ಇಷ್ಟು ತಲೆಯಲ್ಲಿ ಕೂರಲು ನನಗೆ ಎರಡು ವರ್ಷ ಹಿಡಿಯಿತು.

ಮೊದಲ ಪಾಠ ಝಳಕಿಯಲ್ಲಿ. ಹೆದ್ದಾರಿ ಬದಿಯ ಒಂದು ಶೆಡ್ಡಿನಲ್ಲಿ ತಾಲೀಮು. ಬೆಳಗಿನಿಂದ ಮಧ್ಯಾಹ್ನದವರೆಗೆ ಕೂತು ಒಂದು ಹಾಡಿಗೆ ಡ್ರಮ್ಮು, ಬೇಸು, ಪಿಟೀಲು ಎಲ್ಲ ತುಂಬಿದ್ದೆ. ಜನರೇಟರಿನಲ್ಲಿ ಡೀಸೆಲ್ ತೀರಿತು. ಯಂತ್ರ ಒಮ್ಮೆ ಕಣ್ಣು ಮಿಟುಕಿಸಿ ಕಪ್ಪಾಯಿತು. ನಮ್ಮ ಮಾಲಕರು ರುದ್ರಗೌಡರು ಗೋಡೆಗೆ ಒರಗಿ ಕೂತು ನೋಡುತ್ತಿದ್ದರು.

"ಜನರೇಟರ್ ಚಾಲೂ ಮಾಡಸ್ತೇನಿ, ತಡಿ."

"ಚಾಲೂ ಆದ್ರೂ ಹಾಡಿಲ್ರಿ ಗೌಡ್ರ. ಹೋತ್ರಿ."

"ಎಲ್ಲಿ ಹೋತು?"

"ಕರೆಂಟ್ ಸಂಗಾಟ ಹೋತ್ರಿ."

ಗೌಡರು ಎದ್ದು ಯಂತ್ರದ ಹತ್ತಿರ ಬಂದರು. "ಅಲ್ಲೋ ಲಾಲಸಾಬ, ನಮ್ಮ ಮನ್ಯಾಗ ಕರೆಂಟ್ ಹೋದ್ರ ಟಿವಿ ಆರತೈತಿ. ಸುದ್ದಿ ಓದಾವ ಏನ್ ಸಾಯ್ತಾನೇನು?"

ಅಂದಿನಿಂದ ಕೈಗಡಿಯಾರ ನೋಡಿ ಹದಿನೈದು ನಿಮಿಷಕ್ಕೊಮ್ಮೆ ಸೇವ್ ಮಾಡುವ ರೂಢಿ ಹಾಕಿಕೊಂಡೆ. ನುಡಿ ಅರ್ಧವಾಗಿರಲಿ, ಗಾಯಕರು ಬಾಯಿ ತೆರೆದಿರಲಿ, ಹದಿನೈದು ಎಂದರೆ ಹದಿನೈದು. ಗೌಡರು ಇದನ್ನು "ಲಾಲಸಾಬನ ಔಷಧ ವ್ಯಾಳ್ಯಾ" ಎಂದು ಕರೆಯುತ್ತಿದ್ದರು.

ಎರಡನೆಯದು ನಾಲತವಾಡದಲ್ಲಿ. ಮದುವೆ ಮಂಟಪ ತಲುಪಿ ಸಾಮಾನು ಇಳಿಸುವಾಗ ಡೋಲಕ್ ಬಾರಿಸುವ ಮಲ್ಲು ನನ್ನ ಫ್ಲಾಪಿಗಳ ಡಬ್ಬಿಯನ್ನು ದೊಡ್ಡ ಸ್ಪೀಕರಿನ ಮೇಲೆ ಇಟ್ಟ. ಕೆಳಗಿಟ್ಟರೆ ಧೂಳು ಹತ್ತೀತೆಂದು ಕಾಳಜಿಯಿಂದಲೇ ಇಟ್ಟ. ಸ್ಪೀಕರಿನ ಒಳಗೆ ಅಯಸ್ಕಾಂತ, ಫ್ಲಾಪಿಯ ಮೇಲಿನ ಬರಹವೂ ಅಯಸ್ಕಾಂತದ್ದೇ. ಅಕ್ಷತೆಗೆ ಒಂದು ತಾಸು ಇರುವಾಗ ಡಬ್ಬಿಯೊಳಗಿನ ಅರ್ಧ ಹಾಡುಗಳು ತೆರೆಯಲೊಲ್ಲವು. ಆ ದಿನ ಮಾಸ್ತರರ ಹಾರ್ಮೋನಿಯಂ, ಮಲ್ಲುವಿನ ಡೋಲಕ್, ಇಷ್ಟರಲ್ಲೇ ಮದುವೆ ಮುಗಿಸಿದೆವು. ಬೀಗರು ಹಾಡು ಬಹಳ ಚಲೋ ಆದವು, ಗದ್ದಲ ಇರಲಿಲ್ಲ ಎಂದು ಹೊಗಳಿ ಕಳಿಸಿದರು. ಮಾಸ್ತರರು ಒಂದು ವಾರ ಅದನ್ನೇ ಹೇಳಿಕೊಂಡು ನಕ್ಕರು.

ಅಂದಿನಿಂದ ಪ್ರತಿಯೊಂದು ಹಾಡಿಗೆ ಎರಡು ಫ್ಲಾಪಿ. ಒಂದು ನನ್ನ ಜೊತೆ ತಿರುಗುವ ಡಬ್ಬಿಯಲ್ಲಿ, ಇನ್ನೊಂದು ಜೈತುನ್‌ಬಿಯ ಅಲಮಾರಿಯಲ್ಲಿ, ಅವಳ ಸೀರೆಗಳ ನಡುವೆ. ಒಂದರಲ್ಲಿ ಏನಾದರೂ ಬದಲಾದರೆ ಅದೇ ದಿನ ಎರಡನೆಯದರಲ್ಲೂ ಬದಲಾಗಬೇಕು. ಎರಡೂ ಸದಾ ಒಂದೇ ಸಮ ಇರಬೇಕು. ಈ ನಿಯಮವನ್ನು ನಾನು ಒಂದು ದಿನವೂ ಮುರಿಯಲಿಲ್ಲ. ಮುರಿದಿದ್ದರೆ ಒಳ್ಳೆಯದಿತ್ತು.

ಮೂರನೆಯದು ಸಿಂದಗಿಯಲ್ಲಿ, ಸುವರ್ಣಾಳಿಗೇ ಆದದ್ದು. ಅವಳು ಹಾಡುವ ಹಾಡನ್ನೇ ಗಂಡಸಿನ ಶ್ರುತಿಯಲ್ಲಿ ಇನ್ನೊಂದು ಫ್ಲಾಪಿಯಲ್ಲಿ ಇಟ್ಟಿದ್ದೆ. ಹೆಸರು ಒಂದೇ, ಶ್ರುತಿ ಬರೆದಿರಲಿಲ್ಲ. ಗಂಡಸಿನದು ಲೋಡ್ ಆಯಿತು, ವಾದ್ಯ ಶುರುವಾಯಿತು. ನಿಲ್ಲಿಸುವಂತಿಲ್ಲ, ಎದುರಿಗೆ ನೂರಾರು ಜನ. ಅವಳು ಮೊದಲ ಸಾಲನ್ನು ತಳದಲ್ಲಿ ಗೊಣಗಿದಂತೆ ಹಾಡಿ, ಎರಡನೆಯದಕ್ಕೆ ಮೇಲಿನ ಷಡ್ಜಕ್ಕೆ ಹಾರಿ, ಹೇಗೋ ದಡ ಮುಟ್ಟಿಸಿದಳು. ಇಳಿದು ಬಂದವಳು ನೀರು ಕುಡಿದು ಹೇಳಿದ್ದು ಇಷ್ಟೇ: "ಕಾಕಾ, ಮುಂದಿನ ಸಲ ಮೀಸಿ ಅಂಟಿಸ್ಕೊಂಡು ಬರ್ತೇನಿ. ಮೊದಲ ಹೇಳಿಬಿಡ್ರಿ."

ಅಂದಿನಿಂದ ಚೀಟಿ. ಪ್ರತಿ ಫ್ಲಾಪಿಯ ಮೇಲೆ ಹಾಡು, ಶ್ರುತಿ, ವೇಗ, ಸೇವ್ ಮಾಡಿದ ದಿನ. ಜೊತೆಗೆ ಒಂದು ರಿಜಿಸ್ಟರು. ಅದರಲ್ಲಿ ಎಷ್ಟು ಫ್ಲಾಪಿ ತುಂಬಿವೆ, ಎಷ್ಟು ಖಾಲಿ ಇವೆ ಎಂಬ ದಿನದಿನದ ಎಣಿಕೆ. ಚೀಟಿ ಇಲ್ಲದ್ದು ಖಾಲಿ ಎಂದೇ ಅರ್ಥ. ಅದು ಕೈಗೆ ಸಿಕ್ಕರೆ ಮೊದಲು ಫಾರ್ಮ್ಯಾಟ್ ಮಾಡಿ ಒರೆಸಬೇಕು, ಆಮೇಲೆ ಬಳಸಬೇಕು. ಇದೂ ಮುರಿಯದ ನಿಯಮ.

ಚನ್ನಬಸಪ್ಪ ಮಾಸ್ತರರಿಗೆ ಈ ಯಂತ್ರ ಕಂಡರೆ ಆಗುತ್ತಿರಲಿಲ್ಲ. ಪಕ್ಕದಲ್ಲೇ ಕೂರುತ್ತಿದ್ದರು, ನನ್ನ ಕೈಯನ್ನೇ ನೋಡುತ್ತಿದ್ದರು, ಬೈಯುತ್ತಿದ್ದರು. "ತಿದಿ ಇಲ್ಲ, ಗಾಳಿ ಇಲ್ಲ. ಇದು ಉಸುರಾಡೂದು ಎಲ್ಲಿಂದ?" ಎನ್ನುತ್ತಿದ್ದರು. ಒಮ್ಮೆ ಫ್ಲಾಪಿಯ ಮೂಲೆಯಲ್ಲಿರುವ ಸಣ್ಣ ಕಿಟಕಿಯನ್ನು ಉಗುರಿನಿಂದ ಸರಿಸುತ್ತ ಕೇಳಿದರು.

"ಇದೇನಪಾ?"

"ಅದು ಚಿಲಕ ರೀ. ಕಿಟಕಿ ಮುಚ್ಚಿದ್ರ ಬರೀಬಹುದು. ತಗದಿದ್ರ ಯಾರೂ ಅದರ ಮ್ಯಾಲ ಬರೆಯಾಕ ಬರೂದಿಲ್ಲ, ಒರಸಾಕೂ ಬರೂದಿಲ್ಲ."

"ನಿನಗೂ?"

"ನನಗೂ ಬರೂದಿಲ್ರಿ."

"ಚಲೋ ಐತಿ," ಎಂದು ಫ್ಲಾಪಿ ಹಿಂದಿರುಗಿಸಿದರು.

ಆ ತತ್ವಪದವನ್ನು ಒಂದು ಸಲ ಯಂತ್ರಕ್ಕೆ ನುಡಿಸಿ ಎಂದು ನಾನು ತಿಂಗಳುಗಟ್ಟಲೆ ಬೆನ್ನು ಹತ್ತಿದೆ. ಕೊನೆಗೆ ಒಂದು ಮಧ್ಯಾಹ್ನ ಇದೇ ಪಡಸಾಲೆಯಲ್ಲಿ ಕೂತು ನುಡಿಸಿದರು. ಒಂದೇ ಸಲ. ಸೇವ್ ಮಾಡಿದೆ. ಎಂದಿನಂತೆ ಎರಡು ಫ್ಲಾಪಿಗೆ. ಅವರು ಹೋದ ಮೇಲೆ ಕೇಳಿ ನೋಡಿದೆ. ಕೈ ಎಲ್ಲೆಲ್ಲೋ ತಡೆದಿತ್ತು, ಡ್ರಮ್ಮಿಗೆ ಕೂಡುತ್ತಿರಲಿಲ್ಲ. ಯಂತ್ರದಲ್ಲಿ ತಾಳ ನೇರ ಮಾಡುವ ಒಂದು ಗುಂಡಿ ಇದೆ. ಒತ್ತಿದರೆ ಹಿಂದೆ ಮುಂದೆ ಬಿದ್ದ ಸ್ವರಗಳೆಲ್ಲ ಅಳತೆಗೆ ಬಂದು ಸಾಲಾಗಿ ನಿಲ್ಲುತ್ತವೆ. ಬ್ಯಾಂಡಿನಲ್ಲಿ ನಮ್ಮ ಹವಾಲ್ದಾರರು ಒಬ್ಬನ ಕಾಲು ತಡವಾದರೂ ಇಡೀ ಸಾಲನ್ನು ಮೊದಲಿನಿಂದ ನಡೆಸುತ್ತಿದ್ದರು. ಆ ಕಣ್ಣಿನಿಂದಲೇ ನಾನು ಮಾಸ್ತರರ ಬೆರಳುಗಳನ್ನು ನೋಡಿದೆ. ಗುಂಡಿ ಒತ್ತಿದೆ. ಅದೇ ಹೆಸರಿನಲ್ಲಿ ಸೇವ್ ಮಾಡಿದೆ. ಹಳೆಯದರ ಮೇಲೆ ಬರೆಯಲೇ ಎಂದು ಯಂತ್ರ ಕೇಳಿತು. ಹೌದು ಎಂದೆ. ಸಂಜೆ ಅಲಮಾರಿಯ ಫ್ಲಾಪಿ ತೆಗೆದು ಅದನ್ನೂ ಸರಿ ಮಾಡಿದೆ. ಎರಡೂ ಒಂದೇ ಸಮ ಇರಬೇಕಲ್ಲ.

ಮುಂದಿನ ವಾರ, ಸುವರ್ಣಾ ಬಾರದಿದ್ದ ಒಂದು ತಾಲೀಮಿನಲ್ಲಿ ಮಾಸ್ತರರು ಅದನ್ನು ಕೇಳಿದರು. ಪೂರ್ತಿ ಕೇಳಿದರು.

"ಲಾಲಸಾಬ, ನನ್ನ ಕೈಗೆ ಇಸ್ತ್ರಿ ಹೊಡದಿಯೇನಪಾ?"

"ತಾಳಕ್ಕ ಕೂಡಬೇಕಲ್ರಿ ಮಾಸ್ತರ್ರ."

"ಕೂಡೇತಿ. ಭಾಳ ಚಂದ ಕೂಡೇತಿ," ಎಂದು ಎಲೆ ಅಡಿಕೆಯ ಚೀಲ ಬಿಚ್ಚಿದರು. ಮತ್ತೆ ಆ ಮಾತು ತೆಗೆಯಲಿಲ್ಲ. ನುಡಿಸು ಎಂದು ಕೇಳುವ ಧೈರ್ಯ ನನಗೂ ಆಗಲಿಲ್ಲ. ಮುಂದಿನ ವರ್ಷ ಅವರ ಕೈ ಬಿತ್ತು.

ಸುವರ್ಣಾಳಿಗೆ ಗೊತ್ತಿಲ್ಲದ ಸಂಗತಿ ಇದೇ.

ಒಂಬತ್ತು ಐವತ್ತಕ್ಕೆ ರಿಜಿಸ್ಟರು ನೋಡಿ ಫ್ಲಾಪಿ ತೆಗೆದು ಲೋಡ್ ಮಾಡಿದೆ. ಅರ್ಧ ನಿಮಿಷ ಗರಗರ ಸದ್ದು. ನುಡಿಸಿದೆ. ಸುವರ್ಣಾ ಕಣ್ಣು ಮುಚ್ಚಿ ಕೂತಿದ್ದವಳು ಎರಡನೆಯ ಸಾಲಿಗೆ ಕಣ್ಣು ತೆರೆದಳು. ಕೊನೆಯವರೆಗೂ ಕೇಳಿದಳು.

"ಕಾಕಾ, ಇದು ಅಪ್ಪ ಅಲ್ರಿ."

"ಅವರೇ ನುಡಿಸಿದ್ದವಾ."

"ಸ್ವರ ಅಪ್ಪನ್ವ. ಆದ್ರ ಕೈ ಬ್ಯಾರೆ. ಇದು ಸಾಲಿ ಹುಡುಗ್ರು ಪ್ರಾರ್ಥನಾಕ್ಕ ನಿಂತಂಗ ನಿಂತೇತಿ."

ಆಗ ಹೇಳಿದೆ. ಗುಂಡಿ ಒತ್ತಿದ್ದು, ಅದೇ ಹೆಸರಿನಲ್ಲಿ ಬರೆದದ್ದು, ಸಂಜೆಯೊಳಗೆ ಎರಡನೆಯ ಫ್ಲಾಪಿಯನ್ನೂ ಸರಿಮಾಡಿದ್ದು. ಎಷ್ಟು ಬೇಕೋ ಅಷ್ಟೇ ಹೇಳಿದೆ. ಜೈತುನ್‌ಬಿ ಒಳಗಿನಿಂದ ಬಂದು ಬಾಗಿಲ ಹತ್ತಿರ ನಿಂತಳು.

"ಆ ಸೀರಿ ನಡುವ ಇಟ್ಟಿದ್ದು ಅದೇನು? ನಾ ಇಷ್ಟು ವರ್ಷ ಕಾಯ್ದಿದ್ದು ಇಸ್ತ್ರಿ ಮಾಡಿದ್ದನ್ನೇನು?" ಎಂದಳು.

"ಹೌದು."

ಸುವರ್ಣಾ ಮುಖ ಒರೆಸಿಕೊಂಡು ಎದ್ದಳು. "ಇರಲಿ ಬಿಡ್ರಿ ಕಾಕಾ. ಸ್ವರಾನರ ಅದಾವಲ್ಲ. ಅದನ್ನ ಮೊಬೈಲ್ನಾಗ ಹಾಕಿಕೊಡ್ರಿ. ತಡಿಯೂದು ನಾನ ನೆನಪು ಮಾಡ್ಕೊತೇನಿ." ನೆನಪಾಗುವುದಿಲ್ಲವೆಂದೇ ಅವಳು ಇಷ್ಟು ದೂರ ಬಂದಿದ್ದು. ಇಬ್ಬರಿಗೂ ಅದು ಗೊತ್ತಿತ್ತು.

ಮೊಬೈಲಿಗೆ ವೈರು ಜೋಡಿಸಿದೆ. ಆದರೆ ನನ್ನ ಮನೆಯಿಂದ ಯಾವ ಹಾಡೂ ಒಂದೇ ನಕಲಿನಲ್ಲಿ ಹೊರಗೆ ಹೋದದ್ದಿಲ್ಲ. ಅವಳಿಗೆಂದು ಒಂದು ಫ್ಲಾಪಿಯನ್ನೂ ಮಾಡಿಕೊಡಬೇಕು ಎಂದೆ. ಡಬ್ಬಿ ನೋಡಿದರೆ ಖಾಲಿ ಫ್ಲಾಪಿ ಒಂದೂ ಉಳಿದಿರಲಿಲ್ಲ. ಈಗ ಅಂಗಡಿಯಲ್ಲೂ ಸಿಗುವುದಿಲ್ಲ.

"ಇದು ಆಗ್ತೈತೇನು ನೋಡ್ರಿ," ಎಂದು ಅವಳು ಚೀಲದಿಂದ ಒಂದನ್ನು ತೆಗೆದುಕೊಟ್ಟಳು. "ಅಪ್ಪನ ಹಾರ್ಮೋನಿಯಂ ಇಡೂ ಪೆಟ್ಟಿಗ್ಯಾಗ ಅರಿವಿ ಬುಡಕ ಬಿದ್ದಿತ್ತು. ನಿಮ್ದು ಇರಬೇಕು ಅಂತ ತಂದೆ. ಮ್ಯಾಲ ಏನೂ ಬರದಿಲ್ಲ."

ಕಪ್ಪು ಫ್ಲಾಪಿ. ಚೀಟಿ ಇಲ್ಲ. ತೂರಿಸಿದೆ. ಕೈ ತನ್ನ ದಾರಿ ಹಿಡಿಯಿತು: ಡಿಸ್ಕ್, ಫಾರ್ಮ್ಯಾಟ್, ಖಚಿತವೇ, ಹೌದು. ಸಾವಿರಾರು ಸಲ ಒತ್ತಿದ ನಾಲ್ಕು ಗುಂಡಿ, ಪರದೆ ನೋಡುವ ಅಗತ್ಯವೂ ಬೀಳುವುದಿಲ್ಲ. ಗರಗರ ಸದ್ದು ಬರಬೇಕಿತ್ತು. ಬರಲಿಲ್ಲ. ಪರದೆ ನೋಡಿದೆ. ಈ ಡಿಸ್ಕಿಗೆ ಚಿಲಕ ಹಾಕಿದೆ, ಬರೆಯಲು ಬರುವುದಿಲ್ಲ ಎಂದು ಬಂದಿತ್ತು.

ಹೊರಗೆ ತೆಗೆದು ಬೆಳಕಿಗೆ ಹಿಡಿದೆ. ಮೂಲೆಯ ಕಿಟಕಿ ತೆರೆದಿತ್ತು. ಹೊಸ ಫ್ಲಾಪಿ ಕಿಟಕಿ ಮುಚ್ಚಿಕೊಂಡೇ ಬರುತ್ತದೆ. ತಾನಾಗಿ ಅದು ತೆರೆಯುವುದಿಲ್ಲ, ಉಗುರು ಹಾಕಿ ಸರಿಸಬೇಕು. ನಾನು ಸರಿಸಿದವನಲ್ಲ.

ಕುರ್ಚಿಯಲ್ಲಿ ನೇರವಾಗಿ ಕೂತೆ. ಮತ್ತೆ ತೂರಿಸಿ, ಒಳಗೆ ಏನಿದೆ ಎಂದು ನೋಡಿದೆ. ಒಂದೇ ಒಂದು ಹಾಡು. ಹೆಸರಿಡದೆ ಸೇವ್ ಮಾಡಿದರೆ ಯಂತ್ರ ತಾನೇ ಕೊಡುವ ಹೆಸರು.

ಆಗ ಇಂಡಿ ಪಟ್ಟಣದಲ್ಲಿ ನಡೆದ ಒಂದು ಮದುವೆಯ ಮಧ್ಯಾಹ್ನ ನೆನಪಾಯಿತು. ಇಸ್ತ್ರಿಯ ಮಾತು ಆಡಿ ಹದಿನೈದು ದಿನವಾಗಿರಬೇಕು. ಎಲ್ಲರೂ ಊಟಕ್ಕೆ ಎದ್ದೆವು. ಮಾಸ್ತರರು ನೀವು ಉಂಡು ಬನ್ನಿ, ನಾನು ಸಾಮಾನು ಕಾಯುತ್ತೇನೆ ಎಂದರು. ಊಟದ ಮನೆಯವರೆಗೆ ಯಂತ್ರದ ಸದ್ದು ಬರುವಂತಿರಲಿಲ್ಲ, ಅಷ್ಟು ಗದ್ದಲ. ನಾನು ಮರಳಿದಾಗ ಫ್ಲಾಪಿ ಸೀಳಿನ ಹಸಿರು ದೀಪ ಆಗಷ್ಟೇ ಆರಿತ್ತು.

"ಮಾಸ್ತರ್ರ, ಯಂತ್ರ ಮುಟ್ಟಬ್ಯಾಡ್ರಿ ಅಂದೇನಿ," ಎಂದು ನಾನು ಗದರಿದ್ದೆ.

"ಮುಟ್ಟಿಲ್ಲಪಾ. ಧೂಳ ಒರಸಿದೆ," ಎಂದು ಅವರು ಕೈ ತೊಳೆಯಲು ಹೋಗಿದ್ದರು.

ಅವರು ವರ್ಷಗಟ್ಟಲೆ ಪಕ್ಕದಲ್ಲಿ ಕೂತು ನೋಡಿದ್ದು ನನ್ನ ಕೈಯನ್ನೇ. ನುಡಿಸಿದ್ದನ್ನು ಹಿಡಿದು ಸೇವ್ ಮಾಡುವ ಗುಂಡಿಗಳು ಅವರಿಗೆ ಬಾಯಿಪಾಠ ಆಗಿರಲೇಬೇಕು. ನಾನೇ ಮೂರ್ಖನಂತೆ ಅವರಿಗೆ ಯಂತ್ರ ತಿಳಿಯದು ಎಂದುಕೊಂಡಿದ್ದೆ.

"ಏನಾತ್ರಿ ಕಾಕಾ?" ಎಂದಳು ಸುವರ್ಣಾ.

"ಕುಂಡ್ರವಾ," ಎಂದೆ. ಒಳಗಿದ್ದ ನೇರ ತಾಳದ ಹಾಡು ಹೋಗುತ್ತದೆ ಎಂದು ಗೊತ್ತಿದ್ದೇ ಲೋಡ್ ಒತ್ತಿದೆ. ಹಳೆಯ ಫ್ಲಾಪಿ ನಡುವೆ ಎರಡು ಸಲ ತಡವರಿಸಿತು. ನಾನು ಬೆರಳನ್ನು ಮೇಜಿನಿಂದ ಎತ್ತಲಿಲ್ಲ. ನಂತರ ಪರದೆಯಲ್ಲಿ ಲೋಡ್ ಆಯಿತು ಎಂಬ ಬರಹ ಬಂತು.

ನುಡಿಸಿದೆ. ಮೊದಲ ಸಾಲು ಸರಳವಾಗಿ ಹೋಯಿತು. ಎರಡನೆಯ ಸಾಲಿನಲ್ಲಿ ಎಡಗೈಯ ಸ್ವರ ಉಳಿಯಿತು, ಬಲಗೈ ಬರಲಿಲ್ಲ. ಪಡಸಾಲೆಯಲ್ಲಿ ಮೂವರೂ ಕಾದೆವು. ಆಮೇಲೆ ಬಂತು.

ಸುವರ್ಣಾ ಬಾಯಿಗೆ ಸೆರಗು ಹಿಡಿದಳು. ಎರಡನೆಯ ನುಡಿಗೆ ಸೆರಗು ಬಿಟ್ಟು, ಸಣ್ಣ ದನಿಯಲ್ಲಿ ಜೊತೆಗೂಡಿದಳು. ಮೊದಲ ಸಲ ಅವಳು ಮುಂದೆ ಬಿದ್ದಳು, ಅಪ್ಪನ ಕೈ ಹಿಂದೆ ಉಳಿಯಿತು. ತಾನೇ ತಲೆಯಾಡಿಸಿದಳು. ಮೂರನೆಯ ನುಡಿಗೆ ತಡೆದಳು. ಇಬ್ಬರೂ ಕೂಡಿಯೇ ಕೊನೆಯ ಮಾತಿಗೆ ಬಂದರು.

"ಇನ್ನೊಮ್ಮೆ ಹಚ್ರಿ," ಎಂದಳು.

ಒಟ್ಟು ಏಳು ಸಲ ಹಚ್ಚಿದೆ. ಐದನೆಯ ಸಲದಿಂದ ಅವಳು ತಪ್ಪಲಿಲ್ಲ. ಜೈತುನ್‌ಬಿ ನೆಲದ ಮೇಲೆ ಕೂತು ಮೆಂತ್ಯ ಸೋಸುತ್ತ ಕೇಳಿದಳು. "ಮಾಸ್ತರ್ರು ನಿಮಗ ಕಲ್ಸಿದ್ರು ನೋಡ್ರಿ," ಎಂದು ನನ್ನ ಕಡೆ ನೋಡದೆಯೇ ಹೇಳಿದಳು.

ಉಳಿದ ಕೆಲಸ ಕ್ರಮವಾಗಿ ಮಾಡಿದೆ. ಮೊದಲು ವೈರಿನಿಂದ ಸುವರ್ಣಾಳ ಮೊಬೈಲಿಗೆ ಧ್ವನಿ ಇಳಿಸಿ, ಕಿವಿಗೆ ಹಚ್ಚಿಕೊಂಡು ಪೂರ್ತಿ ಕೇಳಿದೆ. ಆಮೇಲೆ ಹಾಡು ಯಂತ್ರದಲ್ಲಿ ಇರುವಾಗಲೇ ನನ್ನೆರಡು ಫ್ಲಾಪಿಗಳಲ್ಲೂ ಬೇರೆ ಹೆಸರಿನಿಂದ, ಇದ್ದುದರ ಪಕ್ಕಕ್ಕೆ ಸೇವ್ ಮಾಡಿದೆ. ಯಾವುದರ ಮೇಲೂ ಬರೆಯಲಿಲ್ಲ. ಮೂರು ಕಿಟಕಿಗಳನ್ನೂ ನೋಡಿದೆ, ನನ್ನವೆರಡನ್ನು ತೆರೆದೆ, ಮಾಸ್ತರರದು ತೆರೆದೇ ಇತ್ತು. ಅದಕ್ಕೆ ಚೀಟಿ ಬರೆದು ಅಂಟಿಸಿದೆ: ಹಾಡು, ಶ್ರುತಿ, ವೇಗ. ಕೆಳಗೆ ಒಂದು ಸಾಲು ಹೆಚ್ಚು, ತಾಳ ನೇರ ಮಾಡಬಾರದು. ಸುವರ್ಣಾ ಅದನ್ನು ಅದೇ ಅರಿವೆಯಲ್ಲಿ ಸುತ್ತಿ ಚೀಲದಲ್ಲಿ ಇಟ್ಟುಕೊಂಡಳು. ರೊಟ್ಟಿ, ಮೆಂತ್ಯ ಪಲ್ಯ ಉಂಡು ಒಂದೂವರೆಯ ಬಸ್ಸಿಗೆ ಹೋದಳು.

ಕಿರಿಯರಿಗೆ ಹೇಳಬೇಕಾದದ್ದು ಇಷ್ಟಿದೆ. ಸೇವ್ ಮಾಡಿ, ಎರಡು ಕಡೆ ಮಾಡಿ, ಚೀಟಿ ಹಚ್ಚಿ. ಆದರೆ ತಿದ್ದಿದ್ದನ್ನು ತಿದ್ದುವ ಮೊದಲಿನದರ ಮೇಲೆ ಬರೆಯಬೇಡಿ. ಯಾವುದು ತಪ್ಪು, ಯಾವುದು ನುಡಿಸಿದವರ ಕೈ ಎಂದು ನಿಮಗೆ ಅದೇ ಸಂಜೆ ಗೊತ್ತಾಗುವುದಿಲ್ಲ. ನನಗಂತೂ ಇಷ್ಟು ವರ್ಷ ಬೇಕಾಯಿತು.

ಅವಳನ್ನು ಕಳಿಸಿ ಬಂದ ಮೇಲೆ ಒಂದು ಕೆಲಸ ಉಳಿದಿತ್ತು. ಹಳೆಯ ರಿಜಿಸ್ಟರು ತೆಗೆದು ಇಂಡಿ ಊರಿನ ಮದುವೆಯ ದಿನದ ಪುಟ ಹುಡುಕಿದೆ. ನನ್ನದೇ ಅಕ್ಷರದಲ್ಲಿ ಬರೆದಿತ್ತು: ಖಾಲಿ ಫ್ಲಾಪಿ ಒಂದು ಕಡಿಮೆ, ಮಲ್ಲು ಕಳೆದಿರಬಹುದು. ಆ ದಿನ ಮಲ್ಲುವನ್ನು ಎಲ್ಲರೆದುರು ಬೈದದ್ದೂ ನೆನಪಾಯಿತು. ಸಿಂದಗಿಯಲ್ಲಿ ಮಗನ ಮನೆಯಲ್ಲಿರುವ ಅವನಿಗೆ ಫೋನು ಹಚ್ಚಿ ವಿಷಯ ಹೇಳಿದೆ.

"ನಾ ಆವತ್ತ ಹೇಳಿದ್ನಲ್ಲೋ ಅಣ್ಣಾ, ನಾ ತಗೊಂಡಿಲ್ಲಂತ," ಎಂದ. ಆಮೇಲೆ, "ಮಾಸ್ತರ್ರ? ಭಲೇ ಆಸಾಮಿ," ಎಂದು ನಕ್ಕ. ಶುಕ್ರವಾರ ಹಾಡು ಕೇಳಲು ಹೋಗುತ್ತೇನೆ ಎಂದ.

ಫೋನಿಟ್ಟು, ಮಲ್ಲುವಿನ ಹೆಸರಿನ ಮೇಲೆ ಅಡ್ಡಗೆರೆ ಎಳೆದೆ. ಪಕ್ಕದಲ್ಲಿ ಬರೆದೆ: ಮಾಸ್ತರರು ಒಯ್ದರು, ಇಂದು ತಲುಪಿತು. ಎಣಿಕೆ ಸರಿಹೋಯಿತು. ಎರಡು ಗಂಟೆ ಐದು ನಿಮಿಷಕ್ಕೆ ಯಂತ್ರ ಆರಿಸಿ ಬಟ್ಟೆ ಹೊದಿಸಿದೆ.